ಅಕ್ಕನ ಕಲ್ಲಿನ ಮೇಲಿನ ನಕ್ಷತ್ರಗಳು

ಬೀದಿಯವರೆಲ್ಲ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಕಟಿಂಗ್ ಶಾಪ್ ಇಟ್ಟವನಿಗೆ ಬೇರೆ ಹೆಸರು ಬೇಕೂ ಇರಲಿಲ್ಲ ಅನ್ನಿ. ಎರಡು ಕುರ್ಚಿ, ಒಂದು ಉದ್ದನೆಯ ಬೆಂಚು, ಬೆಂಚಿನ ಎದುರಿಗೆ ಅವನ ಹುಚ್ಚಿನ ಗುರುತಾದ ಉಪ್ಪುನೀರಿನ ಗಾಜಿನ ತೊಟ್ಟಿ. ಕಾಯುವವರು ಪೇಪರ್ ಬಿಟ್ಟು ಅದರೊಳಗಿನ ಜೀವಂತ ಹವಳ ನೋಡುತ್ತ ಕೂರುತ್ತಿದ್ದರು. ಕೆಲವರಂತೂ ಸರದಿ ಬಂದರೂ ಏಳುತ್ತಿರಲಿಲ್ಲ.

ಈ ಹುಚ್ಚು ಅವನ ಅಕ್ಕನಿಗೂ ಇತ್ತು. ಆದರೆ ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಕೇಳಿದರೆ ಇಬ್ಬರೂ ತಡವರಿಸುತ್ತಿದ್ದರು. ಮಾತಿಗೆ ಮಾತು ಬೆಳೆದಿತ್ತು, ಅಷ್ಟೆ. ಅಂಥವಳು ಒಂದು ಬೆಳಿಗ್ಗೆ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಾಗ ಕತ್ತರಿಯ ಕೈಯಲ್ಲಿದ್ದ ಬಾಚಣಿಗೆ ಗಿರಾಕಿಯ ತೊಡೆಯ ಮೇಲೆ ಬಿತ್ತು. ಬಕೆಟ್ಟಿನಲ್ಲಿ ಮುಷ್ಟಿಗಾತ್ರದ ಕಲ್ಲು. ಅದರ ಮೈತುಂಬ ಅಂಗಿಗುಂಡಿಯಷ್ಟಗಲದ ಕಿತ್ತಳೆ ಬಣ್ಣದ ಹವಳದ ಹೂಗಳು.

“ಮನೆಗೆ ಹೊಸ ನೆಲ ಹಾಕಿಸ್ತಿದ್ದೀನಿ. ಬರೀ ಧೂಳು. ಕೆಲಸ ಮುಗಿಯೋವರೆಗೆ ಇದು ನಿನ್ ಹತ್ರ ಇರ್ಲಿ,” ಎಂದಳು. ಮೆಟ್ಟಿಲು ಇಳಿಯುತ್ತ, “ಹೇಗಿದೆ ಅಂತ ಆಗಾಗ ಹೇಳ್ತಿರು,” ಎಂದಳು.

ಕತ್ತರಿ ಬೆಪ್ಪಾಗಿ ತಲೆಯಾಡಿಸಿದ. ಕಲ್ಲಿಗೆ ಏನಾದರೂ ಆದರೆ ಅಕ್ಕ ಇನ್ನೊಮ್ಮೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ, ಗಾಜು ಒರೆಸುತ್ತಿದ್ದವನು ಹೌಹಾರಿ ನಿಂತ. ಅಕ್ಕನ ಹವಳದ ಮೇಲೆ ಬೇಳೆಕಾಳಿನಷ್ಟು ಚಿಕ್ಕದೊಂದು ನಕ್ಷತ್ರಮೀನು, ಬೂದುಬಣ್ಣದ್ದು, ತನ್ನ ಮನೆಯೆಂಬಂತೆ ಮಲಗಿತ್ತು. ಅವನು ತಂದದ್ದಲ್ಲ, ಕೊಂಡದ್ದಲ್ಲ. ನಕ್ಷತ್ರಮೀನು ಹವಳ ತಿನ್ನುತ್ತದೆ ಎಂದು ಎಲ್ಲೋ ಕೇಳಿದ್ದು ನೆನಪಾಯಿತು.

ಬೇರೆಯವರಾಗಿದ್ದರೆ ಅದನ್ನು ತೆಗೆದು ಹೊರಗೆಸೆಯುತ್ತಿದ್ದರೇನೋ. ನಮ್ಮ ಕತ್ತರಿಗೆ ಬೇಡದ್ದು ಕಂಡರೆ ಗೊತ್ತಿದ್ದುದು ಒಂದೇ ಕೆಲಸ. ಮೀಸೆ ಸರಿಮಾಡುವ ಸಣ್ಣ ಕತ್ತರಿ ತಂದು, ನೀರಿನಲ್ಲಿ ಕೈಯಿಳಿಸಿ, ನಕ್ಷತ್ರವನ್ನು ನಟ್ಟನಡುವಿಗೆ ಕಚಕ್ಕೆಂದು ಕತ್ತರಿಸಿದ. ಕೆಳಗೆ ಬಿದ್ದ ತುಂಡುಗಳನ್ನು ಯಾವುದಾದರೂ ಮೀನು ತಿಂದುಕೊಳ್ಳಲಿ ಎಂದು ಹಾಗೇ ಬಿಟ್ಟ.

ನಕ್ಷತ್ರಗಳು ಹೆಚ್ಚಾದವು. ಅವನು ಹೆಚ್ಚು ಕತ್ತರಿಸಿದ. ಅವು ಇನ್ನೂ ಹೆಚ್ಚಾದವು. ಗಿರಾಕಿಯ ಕೆನ್ನೆಗೆ ಲೋಷನ್ ಹಚ್ಚಿದ್ದೇ ತಡ, ಓಡಿಬಂದು ತೊಟ್ಟಿಗೆ ಕೈ ಹಾಕುತ್ತಿದ್ದ. ಅತ್ತ ಹವಳದ ಹೂಗಳು ಒಂದೊಂದಾಗಿ ಮುದುಡತೊಡಗಿದವು. ಒಂದು ಮೂಲೆಯಲ್ಲಿ ನಾಲ್ಕೈದು ಕರಗಿಯೇ ಹೋದವು. ಅಕ್ಕನಿಗೆ ತಿಳಿಸಲು ಫೋನ್ ಎತ್ತುವುದು, ಹಾಗೇ ಕೆಳಗಿಡುವುದು, ಇಷ್ಟೇ ಆಯಿತು.

ಕೊನೆಗೆ ಒಂದು ನಕ್ಷತ್ರವನ್ನು ಬಾಟಲಿಗೆ ಹಾಕಿಕೊಂಡು ಅಕ್ವೇರಿಯಂ ಅಂಗಡಿಗೆ ಓಡಿದ. ಅಂಗಡಿಯಾಕೆ ಭೂತಗನ್ನಡಿ ಹಿಡಿದು ನೋಡಿದಳು.

“ನೋಡಿ, ಒಂದು ಕಡೆ ತೋಳು ಉದ್ದ, ಇನ್ನೊಂದು ಕಡೆ ಮೋಟು. ಇದು ತನ್ನನ್ನ ತಾನೇ ಎರಡು ಮಾಡ್ಕೊಂಡು ಬೆಳೆಯೋ ಜಾತಿ. ಮೋಟು ತೋಳು ಈಗ ಚಿಗುರ್ತಾ ಇದೆ. ನೀವೇನಾದ್ರೂ ಕತ್ತರಿಸಿದ್ರಾ?”

“ಹ್ಞೂ. ನಡುವಿಗೆ.”

“ಹಾಗಾದ್ರೆ ಅವು ಮಾಡೋ ಕೆಲಸ ನೀವೇ ಮಾಡಿಕೊಟ್ರಿ.”

ಕತ್ತರಿ ಇಷ್ಟು ದಿನ ಪಟ್ಟ ಪಾಡೆಲ್ಲ ಶತ್ರುವಿನ ಸಂಸಾರ ಬೆಳೆಸುವುದಕ್ಕೇ ಆಗಿತ್ತು.

“ಇವು ಸಾಮಾನ್ಯವಾಗಿ ಪಾಚಿ ತಿನ್ನೋವು. ಅಪರೂಪಕ್ಕೆ ಹವಳ ತಿನ್ನೋವೂ ಇರ್ತವೆ,” ಎಂದಳಾಕೆ. “ಹವಳದ ಮೇಲೆ ಕೂತಿರೋದನ್ನ ಮೆಲ್ಲಗೆ ಎತ್ತಿ ನೋಡಿ. ಅಡಿಯಲ್ಲಿ ತಿಂದ ಕಲೆ ಇದ್ರೆ ಕಳ್ಳ. ಇಲ್ಲದಿದ್ರೆ ಪಾಪದ್ದು.”

ಮನೆಗೆ ಬಂದವನೇ ಎತ್ತಿ ನೋಡಿದ. ಕಲೆಯಿಲ್ಲ. ಇನ್ನೊಂದು ಎತ್ತಿದ. ಅಲ್ಲೂ ಇಲ್ಲ. ಗಾಜಿನ ಮೇಲಿದ್ದವು ಹಸಿರು ಪಾಚಿಯನ್ನು ಮೇಯ್ದು, ಹಿಂದೆ ತಿಳಿಯಾದ ದಾರಿ ಬಿಟ್ಟು ಹೋಗುತ್ತಿದ್ದವು. ಹಾಗಾದರೆ ಹವಳ ತಿಂದವರಾರು? ಎತ್ತಿದ್ದನ್ನು ಮತ್ತೆ ಇಡಲು ಕೈಯಿಳಿಸಿದಾಗ ಕಟಿಂಗಿಗೆ ಕಾಯುತ್ತ ಬೆಂಚಿನ ಮೇಲಿದ್ದ ಒಬ್ಬ ಬಸ್ ಕಂಡಕ್ಟರ್ ಆಕಳಿಸುತ್ತ ಹೇಳಿದ.

“ಅಲ್ಲಯ್ಯಾ ಕತ್ತರಿ, ನೀನು ಕೈ ಹಾಕಿದಾಗಲೆಲ್ಲ ಆ ಹೂವು ಮುಚ್ಕೊಳ್ತವಲ್ಲ. ನಿನ್ನ ಕಂಡ್ರೆ ಆಗಲ್ವಾ ಅವಕ್ಕೆ?”

ಕತ್ತರಿ ಕೈ ಹೊರಗೆಳೆದು ಮೂಸಿದ. ಲೋಷನ್, ಶೇವಿಂಗ್ ಕ್ರೀಮು, ತಲೆಗೆ ಹಾಕುವ ಬಣ್ಣ, ಒಂದು ದಿನದ ಕೆಲಸವೆಲ್ಲ ಅಂಗೈಯಲ್ಲಿತ್ತು. ಕಾಪಾಡಲೆಂದು ದಿನವೂ ನೀರಿಗಿಳಿಸಿದ ಕೈಯೇ ವಿಷ ಬೆರೆಸಿತ್ತು. ಅವನು ಕುರ್ಚಿಯಲ್ಲಿ, ಗಿರಾಕಿ ಕೂರುವ ಕುರ್ಚಿಯಲ್ಲಿ, ಕುಸಿದು ಕೂತ. ಕಂಡಕ್ಟರಿಗೆ ಆ ದಿನ ಕಟಿಂಗ್ ಆಗಲಿಲ್ಲ.

ನೀರು ಬದಲಾಯಿಸಿದ, ತೊಟ್ಟಿಗೆ ಕೈ ಹಾಕುವುದು ಬಿಟ್ಟ. ಒಂದಷ್ಟು ಹೂ ಮೆಲ್ಲಗೆ ಬಾಯಿ ಬಿಟ್ಟವು. ಅಷ್ಟರಲ್ಲಿ ಅಕ್ಕ ಬಂದೇಬಿಟ್ಟಳು. ಅವನು ತಲೆ ತಗ್ಗಿಸಿ ಒಂದೂ ಬಿಡದೆ ಎಲ್ಲ ಒದರಿದ.

“ನಕ್ಷತ್ರ ನನ್ನ ಕಲ್ಲಿನ ಜೊತೆಗೇ ಬಂದಿರೋವು ಕಣೋ,” ಎಂದಳು ಅಕ್ಕ. “ನಮ್ಮ ತೊಟ್ಟೀಲಿ ರಾಶಿ ಇವೆ. ಫೋನ್ ಮಾಡಿದ್ರೆ ಒಂದೇ ಮಾತಲ್ಲಿ ಹೇಳ್ತಿದ್ದೆ.”

“ಹೆದರಿಕೆ ಆಯ್ತು ಅಕ್ಕ. ಮತ್ತೆ ಮಾತು ಬಿಡ್ತೀಯೇನೋ ಅಂತ.”

ಅಕ್ಕ ಕಲ್ಲು ಒಯ್ಯಲು ತಂದಿದ್ದ ಬಕೆಟ್ ಕೆಳಗಿಟ್ಟಳು.

“ನಮ್ಮ ಪಕ್ಕದ ಮನೇಲೇ ನಿನ್ನದಕ್ಕಿಂತ ದೊಡ್ಡ ತೊಟ್ಟಿ ಇದೆ. ಕಲ್ಲು ಇಡೋಕೆ ಜಾಗ ಇಲ್ಲ ಅಂತ ಊರೆಲ್ಲ ದಾಟಿ ಬಂದೆ ಅಂದ್ಕೊಂಡ್ಯಾ? ಹೇಗಿದೆ ಅಂತ ಆಗಾಗ ಹೇಳು ಅಂದಿದ್ದೆ. ದಿನಾ ಕಾಯ್ದೆ.”

ಕತ್ತರಿ ಹವಳ ಕರಗಿದ್ದು ಕಂಡಾಗಲೂ ಇಷ್ಟು ನೊಂದಿರಲಿಲ್ಲ.

ಅಕ್ಕ ಖಾಲಿ ಬಕೆಟ್ ಎತ್ತಿಕೊಂಡಳು. “ಕಲ್ಲು ಇಲ್ಲೇ ಇರ್ಲಿ,” ಎಂದು ಮೆಟ್ಟಿಲಿಳಿದಳು.

ಅವಳಿನ್ನೂ ಬೀದಿಯ ತಿರುವು ದಾಟಿರಲಿಲ್ಲ. ಅವನು ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು, ಫೋನ್ ತೆಗೆದ.

“ಏನೋ, ಈಗ ತಾನೇ ಹೊರಟೆನಲ್ಲ. ಏನಾಯ್ತು?” ಎಂದಳು ಅಕ್ಕ.

“ಏನಿಲ್ಲ ಅಕ್ಕ,” ಎಂದ ಅವನು. “ಸುಮ್ನೆ ಮಾಡ್ದೆ.”