ಪಾಯಖಾನೆಯ ಮೇಲೆ ಬರೆದ ಗುಡಿ ಬಾಗಿಲು

ನಮ್ಮ ಸ್ಟೇಷನ್ನಿಗೆ ನಳದ ನೀರಿಗಿಂತ ಮೊದಲು ಕಲೆ ಬಂತು. ಕೊಟ್ಟೂರಿನಿಂದ ಹೊರಟು ಹಗರಿಬೊಮ್ಮನಹಳ್ಳಿ ಹಾದು ಹೊಸಪೇಟೆ ಸೇರುವ ಸಣ್ಣ ರೈಲು ಇನ್ನೂ ಓಡುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಮೊದಲ ವರ್ಷಗಳು. ಓಡುತ್ತಿತ್ತು ಎಂದರೆ ಹೆಚ್ಚಾಯಿತು. ಮೇಯಲು ಬಿಟ್ಟ ಎಮ್ಮೆಯ ಹಾಗೆ ತನಗೆ ಬೇಕೆನಿಸಿದಾಗ ಬರುತ್ತಿತ್ತು. ಆ ದಾರಿಯ ಒಂದು ಸಣ್ಣ ಸ್ಟೇಷನ್ ನಮ್ಮದು. ಒಂದು ಟಿಕೆಟ್ ಕಿಟಕಿ, ಒಂದು ಬೇವಿನ ಮರ, ಉದ್ದನೆಯ ವರಾಂಡ. ವರಾಂಡದ ಗೋಡೆಯ ತುದಿಗೆ ಹೆಂಗಸರ ಪಾಯಖಾನೆ. ಗಂಡಸರಿಗೆ ಅದರ ಅಗತ್ಯವಿರಲಿಲ್ಲ. ಹಳಿಯ ಆಚೆಯ ಬಯಲೆಲ್ಲ ಅವರದೇ.

ಅವ್ವನ ತಂಗಿಗೆ, ಅಂದರೆ ನನ್ನ ಚಿಗವ್ವನಿಗೆ, ಸಕ್ಕರೆ ಕಾಯಿಲೆ. ಹದಿನೈದು ದಿನಕ್ಕೊಮ್ಮೆ ಹೊಸಪೇಟೆಯ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ನಾನು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲು ಗೆದ್ದು ತರುತ್ತಿದ್ದ ನನ್ನನ್ನು, ಡಾಕ್ಟರ ಮುಂದೆ ಬಾಯಿ ಬಿಡುವವಳು ಎಂದು ಮನೆಯವರು ಆ ಕೆಲಸಕ್ಕೆ ಹಚ್ಚಿದ್ದರು. ಬಸ್ಸಿಗೆ ಯಾಕೆ ಹೋಗಲಿಲ್ಲ ಎಂದು ಕೇಳುವವರು ಗಂಡಸರೇ ಇರಬೇಕು. ಸಕ್ಕರೆ ಕಾಯಿಲೆಯವರಿಗೆ ಗಳಿಗೆಗೊಮ್ಮೆ ಒಂದಕ್ಕೆ ಹೋಗಬೇಕಾಗುತ್ತದೆ. ಬಸ್ಸಿನಲ್ಲಿ ಅದನ್ನು ಕಂಡಕ್ಟರನಿಗೆ ಹೇಳಿ, ಅವನು ಡ್ರೈವರನಿಗೆ ಕೂಗಿ, ನಲವತ್ತು ಜನ ನೋಡುತ್ತಿರುವಾಗ ಇಳಿಯಬೇಕು. ರೈಲಿನಲ್ಲಿ ಯಾರನ್ನೂ ಕೇಳಬೇಕಿಲ್ಲ. ರೈಲು ಬರುವ ತನಕ ಸ್ಟೇಷನ್ನಿನ ಆ ಒಂದು ಬಾಗಿಲು ಇತ್ತು.

ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತಂತೆ. ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ, ಗೋಡೆಯ ಮೇಲೆ ಸ್ಥಳೀಯ ಸಂಸ್ಕೃತಿ ಕಾಣಬೇಕು. ಸ್ಥಳೀಯ ಸಂಸ್ಕೃತಿ ಆ ವರಾಂಡದಲ್ಲಿ ದಿನಾ ಕೂತೇ ಇರುತ್ತಿತ್ತು: ಕುರಿಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡವರು, ಶೇಂಗಾ ಚೀಲದ ಮೇಲೆ ಗೊರಕೆ ಹೊಡೆಯುವವರು, ಎಲೆಗೆ ಹಚ್ಚಿ ಉಳಿದ ಸುಣ್ಣವನ್ನು ಕಂಬಕ್ಕೆ ಒರೆಸುವವರು. ಸಾಹೇಬರಿಗೆ ಅದು ಬಣ್ಣದಲ್ಲಿ ಬೇಕಿತ್ತು.

ಕರೆಸಿದ್ದು ಊರಿನ ಬೋರ್ಡ್ ಪೇಂಟರನನ್ನು. ಕಿರಾಣಿ ಅಂಗಡಿಗಳ ಹೆಸರು, ಟ್ರೇಲರುಗಳ ಹಿಂದಿನ ಹುಲಿ, ಚುನಾವಣೆ ಬಂದರೆ ಒಂದೇ ಗೋಡೆಯ ಮೇಲೆ ಎಲ್ಲ ಪಕ್ಷಗಳ ಗುರುತು, ಎಲ್ಲವೂ ಅವನ ಕೈಯವೇ. ಮೂರು ವಾರ ಅವನು ಗೋಡೆಯನ್ನು ಮೇಯ್ದ. ಒಂದು ಜಲಪಾತ ಬರೆದ. ನಮ್ಮ ಸೀಮೆಯಲ್ಲಿ ಮೇಲಿನಿಂದ ಬೀಳುವ ನೀರೆಂದರೆ ಮಾಳಿಗೆಯ ಸೋರಿಕೆ ಮಾತ್ರ. ತೆಂಗಿನ ತೋಟ ಬರೆದ. ಕೋಳಿಯ ಕಾಲಿನ ನವಿಲು ಬರೆದ. ಜೋಳದ ಒಂದು ತೆನೆಯೂ ಇಲ್ಲ, ಬೇವಿನ ಒಂದು ಎಲೆಯೂ ಇಲ್ಲ. ನಡುವೆ ಒಂದು ಉಗಿಬಂಡಿ, ಅದರ ಹೊಗೆ ಎಂಜಿನ್ನಿನ ಮುಂದೆ ಓಡುತ್ತಿತ್ತು.

ರೈಲು ಕಾಯುತ್ತಾ ಕೂತ ನನಗೆ ಸುಮ್ಮನಿರಲಾಗಲಿಲ್ಲ. "ಏನಣ್ಣ, ಹೊಗಿ ಮುಂದಕ್ಕ ಹೊಂಟೈತಲ್ಲ?"

"ಗಾಳಿ ಹಿಂದಿನಿಂದ ಬೀಸಾಕತ್ತೈತಿ ತಂಗಿ," ಎಂದ, ಕುಂಚ ಎತ್ತದೆ.

"ಮತ್ತ ರೈಲು ಓಡಾಕತ್ತಿಲ್ಲೇನು?"

"ನಮ್ಮ ರೈಲು ಗಾಳಿಗಿಂತ ಜೋರು ಓಡಿದ್ದು ನೀ ಎಂದರ ನೋಡೀಯೇನು?"

ಆ ಸುತ್ತು ಅವನೇ ಗೆದ್ದ. ಉಳಿದ ಗೋಡೆಯ ಬಗ್ಗೆ ನನ್ನ ತೀರ್ಪು ಬದಲಾಗಿಲ್ಲ.

ಚಿತ್ರ ಗೋಡೆಯ ತುದಿಗೆ ಬಂದಾಗ ಅಡ್ಡ ಬಂದದ್ದು ಪಾಯಖಾನೆಯ ಬಾಗಿಲು. ಜಲಪಾತ, ನವಿಲು, ಎಂಜಿನ್ನು, ಆಮೇಲೆ ಪಾಯಖಾನೆ ಎಂದರೆ ಸಾಹೇಬರು ಏನೆಂದಾರು? ಬಾಗಿಲನ್ನೂ ಚಿತ್ರದಲ್ಲಿ ಸೇರಿಸಿಬಿಡು ಎಂದರು ಸ್ಟೇಷನ್ ಮಾಸ್ಟರು. ಪೇಂಟರು ಬಸ್ಸು ಹತ್ತಿ ಹರಪನಹಳ್ಳಿಗೆ ಹೋಗಿ, ಅಲ್ಲಿಂದ ಬಾಗಳಿಗೆ ಹೋಗಿ, ಕಲ್ಲೇಶ್ವರ ಗುಡಿಯ ಮುಂದೆ ದಿನವಿಡೀ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡು ಬಂದ. ಪಾಯಖಾನೆಯ ಚೌಕಟ್ಟಿಗೆ ಬಾಗಳಿಯ ಚೌಕಟ್ಟು ಬಂತು: ಸುತ್ತಿ ಸುತ್ತಿ ಏರಿ ಬಾಗಿಲಿನ ಅಂಚಿಗೂ ಹಬ್ಬಿದ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಹೆಬ್ಬೆರಳಿನಷ್ಟು ಗೊಂಬೆಗಳು. ಚೆನ್ನಾಗಿತ್ತು. ಒಪ್ಪಿಕೊಳ್ಳಲು ನನಗೆ ಸಂಕಟವಾಗುತ್ತದೆ, ಆದರೂ ಚೆನ್ನಾಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಬಾಗಿಲಿನ ನಡುಭಾಗಕ್ಕೆ ಕಪ್ಪು ಬಳಿದು, ಆ ಕತ್ತಲೆಯ ನಡುವೆ ಒಂದು ದೀಪ, ದೀಪದ ಬೆಳಕಿನಲ್ಲಿ ಒಂದು ಲಿಂಗ ಬರೆದ. ಅಂದಗೆಡುತ್ತದೆಂದು 'ಹೆಂಗಸರಿಗೆ' ಎಂಬ ಹಲಗೆ ಕಿತ್ತರು, ಹೊರಗಿನ ಚಿಲಕವನ್ನೂ ಕಿತ್ತರು.

ಮುಂದಿನ ಸಲ ನಾವು ಹೋದಾಗ ಹೊಸ್ತಿಲಿಗೆ ಮೂರು ಬೆರಳು ವಿಭೂತಿ ಎಳೆದಿತ್ತು. ಒಂದು ಕಣಗಿಲೆ ಹೂ. ಉರಿದು ಬಿದ್ದ ಊದುಬತ್ತಿಯ ಬೂದಿ. ನಮ್ಮ ಕಡೆಯವರಿಗೆ ಹೊಸ್ತಿಲು ಕಂಡರೆ ಕೈ ಸುಮ್ಮನಿರದು. ಅದರ ಮೇಲೆ ಲಿಂಗ ಬೇರೆ ಕಂಡರೆ ಕೇಳಬೇಕೇ! ಚಿಗವ್ವ ಬಾಗಿಲವರೆಗೆ ಹೋದವಳು ನಿಂತುಬಿಟ್ಟಳು. ಬೆಂಚಿನ ಮೇಲೆ ಊರಿನ ಹಿರಿಯ ವ್ಯಾಪಾರಸ್ಥರೊಬ್ಬರು, ಹೊಸಪೇಟೆಗೆ ಸರಕು ತರಲು ಹೊರಟವರು, ಕೂತಿದ್ದರು.

"ಏನವ್ವಾ, ಲಿಂಗದ ಮ್ಯಾಲ ಕೈಯಿಟ್ಟು ನೂಕಿ, ಒಳಗ ಹೋಗಿ ಒಂದಕ್ಕ ಕೂಡ್ತಿ ಏನು?" ಎಂದರು.

ಚಿಗವ್ವ ತಲೆ ತಗ್ಗಿಸಿ ಬಂದು ಕೂತಳು. ನಾನು ಎದ್ದೆ.

"ಯಜಮಾನ್ರ, ಆ ಲಿಂಗದ ಹಿಂದ ಏನೈತ್ರಿ?"

"ಏನರ ಇರಲಿ ಬಿಡವಾ."

"ಪಾಯಖಾನಿ ಐತ್ರಿ. ಪಾಯಖಾನಿ ಬಾಗಲಕ್ಕ ಲಿಂಗ ಬರದದ್ದು ತಪ್ಪೋ, ಪಾಯಖಾನಿಗೆ ಹೋಗೋದು ತಪ್ಪೋ?"

"ಬರದದ್ದೂ ತಪ್ಪ, ಹೋಗೋದೂ ತಪ್ಪ."

"ಹಂಗಾದ್ರ ಅಳಸಿಬಿಡ್ರಿ."

"ಲಿಂಗ ಅಳಸೋದು ಎಲ್ಲಕ್ಕಿಂತ ದೊಡ್ಡ ತಪ್ಪ. ಕಾಲೇಜಿನಾಗ ಇದನ್ನ ಕಲಸ್ಯಾರೇನು ನಿನಗ?"

ವರಾಂಡದಲ್ಲಿದ್ದವರೆಲ್ಲ ನಕ್ಕರು. ಇಂಥ ವಾದಕ್ಕೆ ಯಾವ ತೀರ್ಪುಗಾರನೂ ಅಂಕ ಕೊಡುವುದಿಲ್ಲ, ಆದರೆ ವರಾಂಡದಲ್ಲಿ ತೀರ್ಪುಗಾರರಿರಲಿಲ್ಲ. ಮಾಸ್ಟರ ಕಿಟಕಿಗೆ ಹೋದೆ. ಅವರು ಬೇರೆ ಸೀಮೆಯವರು, ಮೆತ್ತಗೆ ಮಾತಾಡುವವರು. "ಸಾಹೇಬರು ನೋಡಿಕೊಂಡು ಹೋಗೋವರೆಗೂ ಏನೂ ಮುಟ್ಟೋ ಹಾಗಿಲ್ಲಮ್ಮ," ಎಂದರು. ಸಾಹೇಬರು ಯಾವಾಗ ಬರುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ.

ಚಿಗವ್ವ ತನ್ನದೇ ಒಂದು ದಾರಿ ಹುಡುಕಿದಳು. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಳು. ತುಟಿ ಒಡೆದು, ಕಣ್ಣು ಗುಳಿಬಿದ್ದು ಡಾಕ್ಟರ ಮುಂದೆ ಕೂತರೆ ಅವರು ರೇಗಿದರು: ನಿಮ್ಮಂಥವರು ನೀರು ಬಿಟ್ಟರೆ ಹಾಸಿಗೆ ಹಿಡಿಯುತ್ತೀರಿ. ಕಾರಣ ಹೇಳಲು ನಾನು ಬಾಯಿ ತೆರೆದರೆ ಚಿಗವ್ವ ಮೊಣಕೈಯಿಂದ ತಿವಿದಳು. ಗಂಡಸು ಡಾಕ್ಟರಿಗೆ ಅದನ್ನು ಹೇಳುವುದುಂಟೇ! ವಾಪಸು ಬರುವಾಗ, "ಸಾಕಿನ್ನ, ನಾ ಬರಾಂಗಿಲ್ಲ. ಆದದ್ದಾಗ್ಲಿ ಬಿಡು," ಎಂದಳು. ಹೇಳಿದ ಮಾತಿನಂತೆ ನಡೆಯುವ ಹೆಂಗಸು. ನಾಲ್ಕು ಡಬ್ಬಿ ಬಣ್ಣಕ್ಕೆ ಒಬ್ಬಳ ಔಷಧಿ ನಿಲ್ಲುವುದರಲ್ಲಿತ್ತು.

ಅತ್ತು ಕರೆದು ಇನ್ನೊಂದೇ ಸಲ ಎಂದು ಹೊರಡಿಸಿದೆ. ಹೊರಡುವ ಮುಂಚೆ ಎದುರಿಗೆ ನಿಂತು ಒಂದು ಚೊಂಬು ನೀರು ಕುಡಿಸಿದೆ. ಸ್ಟೇಷನ್ನಿಗೆ ಬಂದರೆ ರೈಲು ಎರಡು ತಾಸು ತಡ. ಅರ್ಧ ತಾಸು ಚಿಗವ್ವ ಸೆರಗು ಕಚ್ಚಿ ಕೂತಳು. ಅದೇ ಹಿರಿಯರು ಅದೇ ಬೆಂಚಿನ ಮೇಲೆ. ಪೇಂಟರು ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ವಾರ್ನಿಷು ಹಚ್ಚುತ್ತಿದ್ದ; ಮಾರನೆಯ ದಿನ ಸಾಹೇಬರು ಬರುವವರಿದ್ದರು. ನಾನು ಹೊಸ ವಾದವೊಂದನ್ನು ಜೋಡಿಸುತ್ತಿದ್ದೆ. ಅದು ಸಿದ್ಧವಾಗುವ ಮೊದಲೇ ಚಿಗವ್ವ ಎದ್ದಳು.

"ತಮ್ಮಾ, ಬಾಗಳಿಯಾಗ ಲಿಂಗ ಬಾಗಲದಾಗ ಐತೋ, ಒಳಗ ಐತೋ?"

"ಒಳಗ ಐತ್ರಿ ಯಕ್ಕಾರ."

"ಮತ್ತ ಬಾಗಲದ ಮ್ಯಾಲ ಯಾಕ ಬರದಿ?"

"ಬಾಗಲ ಮುಚ್ಚಿರ್ತೈತಲ್ರಿ. ಒಳಗಿನ್ದು ಹೊರಗ ಕಾಣಲಿ ಅಂತ."

"ಹಂಗಾದ್ರ ಗುಡಿಗೆ ಬಂದಾಕಿ ಹೊರಗ ನಿಂತರ ಹೆಂಗ? ಒಳಗ ಹೋಗಬೇಕಲ್ಲ."

ಹೇಳುತ್ತಲೇ ಚಪ್ಪಲಿ ಬಿಚ್ಚಿದಳು. ಸಕ್ಕರೆಯವರು ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು ಎಂದು ಡಾಕ್ಟರು ಹೇಳಿದ್ದರು, ಇದು ಪಾಯಖಾನೆ. ನಾನು ಕೂಗುವಷ್ಟರಲ್ಲಿ ಅವಳು ಬಿಚ್ಚಿದ ಚಪ್ಪಲಿಗಳನ್ನು ಎತ್ತಿ ಸೆರಗಿನೊಳಗೆ ಸುತ್ತಿಕೊಂಡಾಗಿತ್ತು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಾಗಿಲಿಗೆ ಕೈ ಚಾಚಿದಳು.

"ಯಕ್ಕಾರ, ಅಲ್ಲಿ ಬ್ಯಾಡ್ರಿ, ಹಸಿ ಐತಿ!" ಪೇಂಟರು ಚೀರಿದ. "ಈ ಬಳ್ಳಿ ಮ್ಯಾಲ ಒತ್ರಿ, ಒಣಗೇತಿ."

ಬಳ್ಳಿಯ ಮೇಲೆ ಒತ್ತಿದಳು. ಅಂಟಿಕೊಂಡಿದ್ದ ಬಣ್ಣ ಪರಚಿದ ಸದ್ದಾಗಿ ಬಾಗಿಲು ತೆರೆಯಿತು, ಮುಚ್ಚಿತು. ಹಿರಿಯರು ಹಳಿಯ ಕಡೆ ಮುಖ ಮಾಡಿ, ಬಾರದ ರೈಲನ್ನು ಬಹಳ ಗಮನವಿಟ್ಟು ನೋಡಿದರು.

ಹೊರಗೆ ಬಂದ ಚಿಗವ್ವ ಮತ್ತೆ ಹೊಸ್ತಿಲು ಮುಟ್ಟಿದಳು. "ಒಳಗ ಹಾಕ್ಕೊಂಡಿದ್ನೆ, ಬಯ್ಯಬ್ಯಾಡ," ಎಂದು ನನಗೆ ಪಿಸುಗುಟ್ಟಿ ಚಪ್ಪಲಿಯನ್ನು ನೆಲಕ್ಕೆ ಹಾಕಿದಳು. ಶೇಂಗಾ ಚೀಲದ ಪಕ್ಕ ಕೂತಿದ್ದ ಮೂವರು ಹೆಂಗಸರು ಆಗಲೇ ಎದ್ದು ಚಪ್ಪಲಿ ಬಿಚ್ಚುತ್ತಿದ್ದರು.

ಮರುದಿನ ಸಾಹೇಬರು ಬಂದರಂತೆ. ಹೆಂಗಸರು ಸಾಲಾಗಿ ನಿಂತು ಹೊಸ್ತಿಲು ಮುಟ್ಟುವುದನ್ನು ಕಂಡು, ಜನ ಕಲೆಯನ್ನು ಇಷ್ಟು ಗೌರವಿಸುವ ಸ್ಟೇಷನ್ನು ತಾವು ನೋಡಿಲ್ಲವೆಂದರಂತೆ. ಮಾಸ್ಟರೇ ನನಗೆ ಇದನ್ನು ಹೇಳಿದರು, ನಗದೆ. ಆ ಹೆಂಗಸರು ಒಳಗೆ ಎಲ್ಲಿಗೆ ಹೋಗುತ್ತಾರೆಂದು ಸಾಹೇಬರು ಕೇಳಲಿಲ್ಲವಂತೆ. ಅಂಥವರಿಗೆ ಅಂಥ ಗೋಡೆಯೇ ಸರಿ.

ಹದಿನೈದು ದಿನ ಬಿಟ್ಟು ನಾವು ಮತ್ತೆ ಹೋದೆವು. ಬಳ್ಳಿಯ ಮೇಲೆ ಅಂಗೈ ಅಗಲದ ಬಣ್ಣ ಸವೆದು ಕಟ್ಟಿಗೆ ಕಾಣುತ್ತಿತ್ತು. ಹಿರಿಯರು ಬೆಂಚಿನಲ್ಲಿ ಸರಿದು ಜಾಗ ಬಿಟ್ಟರು. ಚಿಗವ್ವ ಅವರ ಪಕ್ಕದಲ್ಲೇ ಕೂತು, ಮನೆಯಿಂದ ತಂದ ಚೊಂಬು ಎತ್ತಿ, ಅವರಿಗೆ ಕೇಳುವಂತೆ ಗಟಗಟನೆ ನೀರು ಕುಡಿದಳು.