ಟುರೆಯ ರಕ್ತ ಗಂಟುಕಟ್ಟದ ಮೂರು ವಾರ

ಸಿಗ್ನೆ ರಾಸ್ಕಳ ಕೈ ನೋಡಿದವರು ಯಾರೂ ಇವಳು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಸೂಕ್ಷ್ಮ ಕೆಲಸ ಮಾಡುವವಳು ಅನ್ನುತ್ತಿರಲಿಲ್ಲ. ಮೊರದಗಲ ಅಂಗೈ, ಶುಂಠಿಯ ಗೆಣ್ಣಿನಂಥ ಬೆರಳು. ಸ್ಮೋಲಂಡ್ ಎಂಬ ಸೀಮೆಯ ಕಲ್ಲುನೆಲದಲ್ಲಿ ಹುಟ್ಟಿ, ಆರು ವರ್ಷ ಶಾಲೆಗೆ ಹೋಗಿ, ಹದಿನೇಳು ತುಂಬುವವರೆಗೆ ಹದಿನಾಲ್ಕು ಹಸುಗಳ ಹಾಲು ಕರೆದ ಕೈ ಅದು. ಆಮೇಲೆ ಗೋಥೆನ್‌ಬರ್ಗ್ ಪೇಟೆಗೆ ಬಂದಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆ ಸೇರಿ, ಅಲ್ಲಿಂದ ನೆಲಮಾಳಿಗೆಯಲ್ಲಿ ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹೋದಳು. ಅಲ್ಲೇ ಅವಳ ಬದುಕು ಸವೆದುಹೋಗಬೇಕಿತ್ತು.

ಆದರೆ ಅವಳ ಗಂಡ ಅರ್ವಿಡ್ ನಲವತ್ತೊಂಬತ್ತರ ವಯಸ್ಸಿಗೇ, ಟ್ರಾಮಿಗೆ ಕಾಯುತ್ತ ನಿಂತಿದ್ದವನು ನಿಂತಲ್ಲೇ ಕುಸಿದ. ಎದೆಯ ರಕ್ತನಾಳದಲ್ಲಿ ರಕ್ತ ಗಂಟುಕಟ್ಟಿತ್ತು ಅಂದರು ಡಾಕ್ಟರು. ಗಾಯವಿಲ್ಲ, ತರಚಿಲ್ಲ, ಒಳಗೆ ರಕ್ತ ಯಾಕೆ ಗಂಟುಕಟ್ಟಿತು ಎಂದು ಕೇಳಿದಳು ಸಿಗ್ನೆ. ಮೂರನೆಯ ಮಹಡಿಯಲ್ಲಿ ಅದನ್ನೇ ಹುಡುಕುತ್ತಿದ್ದಾರೆ ಎಂದು ಯಾರೋ ಹೇಳಿದರು. ಅಳುವುದನ್ನು ಮುಗಿಸಿ, ಮೂರನೆಯ ಮಹಡಿಯ ಬಾಗಿಲು ತಟ್ಟಿದಳು. ಬೇಡ ಅಂದರು. ಮತ್ತೆ ತಟ್ಟಿದಳು. ನಾಲ್ಕನೆಯ ಸಲ ಒಳಗೆ ಬಿಟ್ಟರು.

ಓದಿ ಕಲಿತದ್ದಕ್ಕಿಂತ ನೋಡಿ ಕಲಿತದ್ದು ಹೆಚ್ಚು. ಹನ್ನೊಂದು ವರ್ಷದಲ್ಲಿ ಅವಳಿಗೆ ಗೊತ್ತಾದದ್ದು ಇಷ್ಟು: ರಕ್ತದಲ್ಲಿ ಕೆಂಪುಕಣ, ಬಿಳಿಕಣಗಳ ನಡುವೆ ತೌಡಿಗಿಂತ ನವಿರಾದ ಚೂರುಗಳು ತೇಲುತ್ತಿರುತ್ತವೆ. ಪ್ಲೇಟ್‌ಲೆಟ್ ಅನ್ನುತ್ತಾರೆ. ಬೆರಳು ಕುಯ್ದರೆ ಇವು ಓಡಿಬಂದು ಒಂದರ ಕೈ ಒಂದು ಹಿಡಿದು ಗಂಡಿ ಮುಚ್ಚುತ್ತವೆ. ಬಾ ಎಂದು ಒಂದನ್ನೊಂದು ಕೂಗುವುದಕ್ಕೆ ತಮ್ಮೊಳಗಿನ ಕೊಬ್ಬಿನ ಆಮ್ಲದಿಂದ ಒಂದು ರಸ ಬೇಯಿಸಿಕೊಳ್ಳುತ್ತವೆ. ಪ್ರೊಸ್ಟಗ್ಲಾಂಡಿನ್ ಎಂಬ ಕುಲಕ್ಕೆ ಸೇರಿದ ರಸ ಅದು. ಎದೆಯ ನಾಳ ಒಳಗೆ ಒರಟಾಗಿದ್ದರೆ ಅಲ್ಲೂ ಗಾಯವಾಯಿತೆಂದು ತಿಳಿದು ಇದೇ ಕೂಗು ಹಾಕುತ್ತವೆ. ಉಪಕಾರಕ್ಕೆ ಬಂದವು ಉಸಿರು ಕಟ್ಟಿಸುತ್ತವೆ.

ಸಿಗ್ನೆಯ ಕೆಲಸ ಆ ಕೂಗನ್ನು ಅಳೆಯುವುದು. ರಕ್ತ ಎಳೆದು, ಗಿರಗಿರನೆ ತಿರುಗುವ ಯಂತ್ರದಲ್ಲಿಟ್ಟು, ಮೇಲೆ ನಿಂತ ಹಳದಿ ನೀರನ್ನು ಸಣ್ಣ ಕೊಳವೆಗೆ ಹಾಕಿ, ಅದರೊಳಗೆ ಬೆಳಕು ಹಾಯಿಸಬೇಕು. ನೀರು ಮೊದಲು ಗಂಜಿಯ ಹಾಗೆ ಮಬ್ಬಾಗಿರುತ್ತದೆ. ಕೊಬ್ಬಿನ ಆಮ್ಲದ ಒಂದು ತೊಟ್ಟು ಬಿದ್ದರೆ ಪ್ಲೇಟ್‌ಲೆಟ್‌ಗಳು ಗಂಟುಕಟ್ಟುತ್ತವೆ, ನೀರು ತಿಳಿಯಾಗುತ್ತದೆ, ಪಕ್ಕದ ಯಂತ್ರದ ಲೇಖನಿ ಕಾಗದದ ಮೇಲೆ ಗುಡ್ಡ ಹತ್ತಿದಂತೆ ಏರುತ್ತದೆ.

ಅಲ್ಲೊಂದು ಕಟ್ಟುಪಾಡಿತ್ತು. ಹೃದಯಾಘಾತವಾಗಿ ಬದುಕಿದವರ ರಕ್ತ ಮುಟ್ಟುವ ಮೊದಲು, ಪ್ರತಿ ಮಂಗಳವಾರ, ಗಟ್ಟಿಮುಟ್ಟಾದ ಒಬ್ಬನದೇ ರಕ್ತ ತೆಗೆದು ನೋಡಬೇಕು. ಅದು ಸರಿಯಾಗಿ ಗಂಟುಕಟ್ಟಿದರೆ ಆ ವಾರದ ಕೆಲಸ ಶುರು. ಇಲ್ಲವಾದರೆ ರೋಗಿಗಳ ರಕ್ತ ತೆಗೆಯುವಂತಿಲ್ಲ. ಆ ಗಟ್ಟಿ ಆಳು ಬಾಯ್ಲರ್ ಮನೆಯ ಟುರೆ ಲಿಂಡೆಲ್. ನಾಲ್ಕು ವರ್ಷದಿಂದ ಒಂದು ಮಂಗಳವಾರವೂ ತಪ್ಪಿಸಿದವನಲ್ಲ. ತೋಳು ಚಾಚುವನು. ಸಿಗ್ನೆ ಹಾಳೆ ನೋಡಿ “ಔಷಧಿ?” ಅನ್ನುವಳು. “ಇಲ್ಲ” ಅನ್ನುವನು. ರಕ್ತ ಕೊಟ್ಟು ದಾಲ್ಚಿನ್ನಿ ಬನ್ನು ತಿಂದು ಹೋಗುವನು.

ಎಪ್ಪತ್ತೈದರ ನವೆಂಬರಿನ ಮೊದಲ ಮಂಗಳವಾರ ಟುರೆಯ ರಕ್ತ ಗಂಟುಕಟ್ಟಲಿಲ್ಲ. ತೊಟ್ಟು ಬಿತ್ತು, ಲೇಖನಿ ಸತ್ತ ಹಾವಿನಂತೆ ನೆಟ್ಟಗೆ ಮಲಗಿತು. ಮತ್ತೆ ಮಾಡಿದಳು, ಅದೇ ಗೆರೆ. ಬಸ್ಸು ಹತ್ತಿ ಬಂದ ಇಬ್ಬರು ರೋಗಿಗಳನ್ನು ವಾಪಸು ಕಳಿಸಿದರು.

ಎರಡನೆಯ ಮಂಗಳವಾರವೂ ಹಾಗೇ ಆಯಿತು. ವಿಭಾಗದ ಡಾಕ್ಟರ್ ವೆಟರ್‌ಲಂಡ್ ಬಂದು ಹಿಂದೆ ನಿಂತರು. ಮೂವತ್ತೇಳರ ಮನುಷ್ಯ, ಕೆಟ್ಟವರಲ್ಲ, ಆದರೆ ಆತುರಗಾರ.

“ಆಮ್ಲದ ಶೀಸೆ ತೆರೆದಿಟ್ರಾ, ಸಿಗ್ನೆಯಮ್ಮ?”

“ಇಲ್ಲ ಡಾಕ್ಟ್ರೇ. ನೈಟ್ರೋಜನ್ ಊದಿ, ಬಿರಡೆ ಹಾಕಿ, ಮಂಜಿನ ಪೆಟ್ಟಿಗೇಲಿ ಇಟ್ಟಿದ್ದೀನಿ.”

“ಈ ಆಮ್ಲಕ್ಕೆ ಗಾಳಿ ತಾಗಿದ್ರೆ ಕಮಟು ಹಿಡಿಯುತ್ತೆ. ನಿಮಗೆ ಗೊತ್ತಲ್ಲ.”

“ಬೆಣ್ಣೆ ಕಮಟು ಹಿಡಿಯೋದು ನಿಮಗಿಂತ ಮೊದಲೇ ನನಗೆ ಗೊತ್ತು.”

ಡಾಕ್ಟರು ನಗಲಿಲ್ಲ. ಹೊಸ ಶೀಸೆಗೆ ಪರದೇಶಕ್ಕೆ ತಂತಿ ಕೊಟ್ಟರು. ಅದು ವಿಮಾನದಲ್ಲಿ ಬಂತು. ಮೂರನೆಯ ಮಂಗಳವಾರ ಅವರೇ ಕೈಯಾರೆ ಮುದ್ರೆ ಒಡೆದರು. ಸಿಗ್ನೆ ಉಸಿರು ಹಿಡಿದು ತೊಟ್ಟು ಹಾಕಿದಳು. ಗೆರೆ ಮಿಸುಕಲಿಲ್ಲ.

ವೆಟರ್‌ಲಂಡ್ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಿ, ರಕ್ತ ಅದೇ ಟುರೇದು, ನಾಲ್ಕು ವರ್ಷದಿಂದ ನೋಡ್ತಿರೋ ರಕ್ತ. ಶೀಸೆ ಹೊಸದು. ಯಂತ್ರಾನ ಮೊನ್ನೆ ತಾನೆ ರಿಪೇರಿಯವನು ನೋಡಿಹೋದ. ಇನ್ನು ಉಳಿದಿರೋದು...”

“ನನ್ನ ಕೈ” ಅಂದಳು ಸಿಗ್ನೆ.

“ಬೇಜಾರು ಮಾಡ್ಕೋಬೇಡಿ. ಐವತ್ತೊಂಬತ್ತಾಯ್ತು. ಬೆರಳು ಸ್ವಲ್ಪ ನಡುಗಿದ್ರೂ ಈ ಕೆಲಸ ಕೆಡುತ್ತೆ. ಸೋಮವಾರದಿಂದ ಕೆಳಗೆ ತೊಳೆಯೋ ಕೋಣೇಲಿ ಇರಿ. ಪಿಂಚಣಿವರೆಗೆ ಅಲ್ಲಿ ಆರಾಮ.”

ಸಿಗ್ನೆ ಕೈಯನ್ನು ಮುಂದೆ ಚಾಚಿ ನೋಡಿಕೊಂಡಳು. ನಡುಗುತ್ತಿರಲಿಲ್ಲ. ಆದರೆ ನಡುಗುತ್ತಿಲ್ಲ ಎಂದು ತೋರಿಸುತ್ತ ನಿಲ್ಲುವುದು ಅವಳ ಜಾಯಮಾನವಲ್ಲ. ಆರಾಮ ಎಂಬ ಮಾತು ಮಾತ್ರ ಅಕ್ಕಿಯೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಕ್ಕಿಕೊಂಡಿತು. ಅರ್ವಿಡ್ ಯಾಕೆ ಬಿದ್ದ ಎಂದು ಕೇಳಿಕೊಂಡು ಮೇಲೆ ಬಂದವಳು, ಉತ್ತರ ಅರ್ಧ ಸಿಕ್ಕಿರುವಾಗ ಗಾಜಿನ ಸಾಮಾನು ತೊಳೆಯಲು ಕೆಳಗಿಳಿಯಬೇಕಾಗಿತ್ತು.

ಮುಂದಿನ ವಾರ ಬರಬೇಡವೆಂದು ಟುರೆಗೆ ಹೇಳಬೇಕಿತ್ತು. ಮೆಟ್ಟಿಲಿಳಿಯುತ್ತ ಅವಳಿಗೆ ತವರಿನ ಒಂದು ಬೇಸಿಗೆ ನೆನಪಾಯಿತು. ಹಾಲು ಕಹಿಯಾಗಿತ್ತು. ಪಾತ್ರೆ ಸರಿಯಾಗಿ ಉಜ್ಜಿಲ್ಲವೆಂದು ತಾಯಿ ಅವಳನ್ನೇ ಬೈದಳು. ಎರಡು ಸಲ ಉಜ್ಜಿಸಿದಳು, ಪಾತ್ರೆಯನ್ನೇ ಬದಲಾಯಿಸಿದಳು. ಹಾಲು ಕಹಿಯೇ. ಅಪ್ಪ ಮಾತಾಡದೆ ಬೇಲಿಯ ಗುಂಟ ನಡೆದುಹೋಗಿ ನೋಡಿದ. ಬೇಲಿ ಮುರಿದಿತ್ತು, ಹಸು ಆಚೆ ಹೋಗಿ ಕಹಿಸೊಪ್ಪು ಮೇಯುತ್ತಿತ್ತು.

ಸಿಗ್ನೆ ಮೆಟ್ಟಿಲ ಮಧ್ಯೆ ನಿಂತಳು. ಶೀಸೆ ಬದಲಾಯಿಸಿದ್ದಾಯಿತು, ಕೈಯನ್ನೂ ಬೈದದ್ದಾಯಿತು. ಬೇಲಿಯ ಹತ್ತಿರ ಯಾರು ಹೋಗಿದ್ದಾರೆ? ದಡದಡನೆ ಇಳಿದಳು.

ಟುರೆ ಬಾಯ್ಲರಿನ ಪಕ್ಕ ಮುರುಕು ಕುರ್ಚಿಯಲ್ಲಿ ಕೂತು ಬಟ್ಟಲಿನ ಕಾಫಿಯನ್ನು ಬಸಿಗೆ ಬಗ್ಗಿಸಿಕೊಳ್ಳುತ್ತಿದ್ದ. ಹಲ್ಲಿನ ನಡುವೆ ಸಕ್ಕರೆಯ ತುಂಡು.

“ಏನ್ ತಾಯಿ, ಮತ್ತೆ ರಕ್ತ ಬೇಕಾ? ಜಿಗಣೆ ಆದ್ರೂ ಒಂದು ಸಲ ಕುಡಿದು ಬಿಟ್ಟುಬಿಡುತ್ತೆ.”

“ಸುಮ್ನಿರೋ. ಈಚೆಗೆ ಏನ್ ತಿಂತಾ ಇದ್ದೀಯ ಹೇಳು.”

“ನೀನ್ಯಾಕೆ, ನನ್ನ ಮದ್ವೆ ಆಗ್ತೀಯಾ?”

“ನಿನ್ನ ಗೊರಕೆ ಕಟ್ಟಿಕೊಂಡು ನಾನೇನ್ ಮಾಡ್ಲಿ. ಹೇಳು ಅಂದ್ರೆ.”

“ಹೆರಿಂಗ್ ಮೀನು, ಆಲೂಗಡ್ಡೆ. ಗುರುವಾರ ಬಟಾಣಿ ಸಾರು. ಭಾನುವಾರ ಮಾಂಸ. ಐವತ್ತೆರಡು ವರ್ಷದಿಂದ ಅದೇ.”

“ಮಾತ್ರೆ ಗೀತ್ರೆ?”

ಟುರೆ ಸೆಟೆದು ಕೂತ. “ನಾನೇನು ರೋಗಿಷ್ಟನಾ? ಒಂದೇ ಒಂದು ದಿನ ರಜೆ ಹಾಕಿದ್ದೀನಾ ಕೇಳು. ಪ್ರತಿ ಮಂಗಳವಾರ ಕೇಳ್ತೀಯ, ಪ್ರತಿ ಮಂಗಳವಾರ ಇಲ್ಲ ಅಂತೀನಿ. ಔಷಧಿ ಅನ್ನೋದು ನಮ್ಮ ವಂಶದಲ್ಲೇ ಇಲ್ಲ.”

ಹೀಗೆನ್ನುತ್ತಲೇ ಅಂಗಿಯ ಕಿಸೆಯಿಂದ ಮಡಿಸಿದ ಸಣ್ಣ ಕಾಗದ ತೆಗೆದ, ಬಿಚ್ಚಿದ, ಅದರೊಳಗಿನ ಬಿಳಿ ಪುಡಿಯನ್ನು ಬಸಿಯ ಕಾಫಿಗೆ ಉದುರಿಸಿ ಬೆರಳಿನಿಂದ ಕಲಕಿದ.

ಸಿಗ್ನೆ ಬಸಿಯನ್ನೇ ನೋಡಿದಳು. “ಅದೇನದು?”

“ಯಾವುದು? ಇದಾ? ಪುಡಿ.”

“ಎಂಥಾ ಪುಡಿ?”

“ಕಾಫಿಗೆ ಹಾಕೋ ಪುಡಿ, ಮಾರಾಯ್ತಿ. ನಮ್ಮ ಭಾವ ಕಾರ್ಖಾನೆ ಬಿಟ್ಟು ಅಕ್ಟೋಬರಿನ ಕೊನೇಲಿ ನಮ್ಮನೆಗೆ ಬಂದ. ಬರ್ತಾ ಒಂದು ಡಬ್ಬಿ ತಂದ. ಅವರ ಕಾರ್ಖಾನೇಲಿ ಎಲ್ರೂ ಹಾಕ್ಕೋತಾರಂತೆ, ಊಟದ ಮೇಜಿನ ಮೇಲೆ ಉಪ್ಪಿನ ಜೊತೆ ಇರುತ್ತಂತೆ. ದಿನಕ್ಕೊಂದು. ಮೈ ಹಗುರ ಆಗುತ್ತೆ.”

“ತಲೆನೋವಿನ ಪುಡಿ ಅಲ್ಲವೇನೋ ಅದು?”

“ನನಗೆ ತಲೆನೋವು ಇಲ್ಲವಲ್ಲ. ಹಾಗಿದ್ಮೇಲೆ ಔಷಧಿ ಹೇಗಾಗುತ್ತೆ?”

ಸಿಗ್ನೆ ಅವನ ಕೈಯಿಂದ ಕಾಗದ ಕಿತ್ತುಕೊಂಡು ದೀಪಕ್ಕೆ ಹಿಡಿದಳು. ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು: ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ. ಆಸ್ಪಿರಿನ್. ಪ್ಲೇಟ್‌ಲೆಟ್‌ಗಳ ಒಲೆಯನ್ನೇ ಆರಿಸುವ ವಸ್ತು. ಒಂದು ಸಲ ಆರಿದರೆ ಆ ಪ್ಲೇಟ್‌ಲೆಟ್ ಬದುಕಿರುವ ಒಂಬತ್ತು ಹತ್ತು ದಿನವೂ ಮತ್ತೆ ರಸ ಬೇಯಿಸುವುದಿಲ್ಲ, ಯಾರನ್ನೂ ಕೂಗುವುದಿಲ್ಲ. ಇದು ಮೂರನೆಯ ಮಹಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಪಾಠ.

ಅವಳು ಬೋರಲು ಬಿದ್ದಿದ್ದ ಬಕೀಟಿನ ಮೇಲೆ ಕೂತುಬಿಟ್ಟಳು. ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂರು ವಾರದಿಂದ ಎದೆಯ ಮೇಲಿದ್ದ ಬೀಸುಕಲ್ಲು ಇಳಿದ ನಗು ಅದು.

“ಹುಚ್ಚು ಹಿಡಿತಾ?” ಅಂದ ಟುರೆ. ಗಾಬರಿಯಾಗಿ ಬಸಿಯನ್ನು ಅವಳ ಕಡೆಗೆ ಚಾಚಿದ. “ಒಂದು ಗುಟುಕು ಕುಡಿ, ಸರಿಹೋಗುತ್ತೆ.”

“ಅದನ್ನ ನನ್ನ ಮೂಗಿನ ಹತ್ರ ತರಬೇಡ!”

ಮೇಲೆ ಹೋದವಳೇ ವೆಟರ್‌ಲಂಡರ ಮುಂದೆ ಕಾಗದವಿಟ್ಟಳು. ಅವರು ಓದಿದರು, ತಿರುಗಿಸಿ ಓದಿದರು. “ಇರಬಹುದು” ಅಂದರು. “ಆದರೆ ಟುರೆ ರಕ್ತ ಸರಿಹೋಗೋಕೆ ಹತ್ತು ದಿನ ಬೇಕು. ಅಲ್ಲಿವರೆಗೆ ಇದೊಂದು ಊಹೆ.”

“ಹತ್ತು ದಿನ ಯಾಕೆ? ನೀವು ಆಸ್ಪಿರಿನ್ ತಗೊಂಡಿದ್ದೀರಾ?”

“ಇಲ್ಲ.”

“ಕಾಫಿಗೆ ಏನಾದ್ರೂ ಪುಡಿ?”

“ಇಲ್ಲ, ಸಿಗ್ನೆಯಮ್ಮ.”

“ಹಾಗಾದ್ರೆ ಅಂಗಿ ತೋಳು ಮಡಚಿ.”

ಎದೆರೋಗದ ಡಾಕ್ಟರಿಗೆ ಸೂಜಿ ಕಂಡರೆ ಆಗದು ಎಂದು ಆವತ್ತು ತಿಳಿಯಿತು. ಮುಖ ಗೋಡೆಗೆ ತಿರುಗಿಸಿಕೊಂಡು, ಸುಣ್ಣದ ಬಣ್ಣಕ್ಕೆ ಬಂದು, ಕಿಟಕಿಯ ಮಳೆಯನ್ನು ಕುರಿತು ಏನೇನೋ ಮಾತಾಡಿದರು. “ಚುಚ್ಚಿದ್ರಾ?” ಅಂದಾಗ ಸಿಗ್ನೆ ಹತ್ತಿ ಒತ್ತುತ್ತಿದ್ದಳು. “ಮುಗೀತು. ಈ ಕೈ ನಡುಗುತ್ತೆ ಅಂದ್ರಲ್ಲ, ಅದೇ ಕೈ.”

ರಕ್ತ ತಿರುಗಿತು, ಹಳದಿ ನೀರು ಮೇಲೆ ನಿಂತಿತು. ಹೊಸ ಶೀಸೆಯ ತೊಟ್ಟು ಬಿದ್ದ ಅರೆಗಳಿಗೆಗೆ ಲೇಖನಿ ಎದ್ದು ಗುಡ್ಡ ಹತ್ತತೊಡಗಿತು. ವೆಟರ್‌ಲಂಡ್ ತೋಳು ಮಡಚಿಕೊಂಡೇ ಬಗ್ಗಿ ನೋಡಿದರು.

“ಇರಿ” ಅಂದಳು ಸಿಗ್ನೆ. ಬಯ್ಯಿಸಿಕೊಂಡಿದ್ದ ಹಳೆಯ ಶೀಸೆಯನ್ನು ಮಂಜಿನ ಪೆಟ್ಟಿಗೆಯಿಂದ ತೆಗೆದಳು. ಅದೇ ಹಳದಿ ನೀರಿನ ಇನ್ನೊಂದು ಕೊಳವೆಗೆ ಅದರಿಂದಲೂ ಒಂದು ತೊಟ್ಟು ಹಾಕಿದಳು. ಲೇಖನಿ ಅದೇ ಗುಡ್ಡವನ್ನು ಅದೇ ಎತ್ತರಕ್ಕೆ ಹತ್ತಿತು.

ಡಾಕ್ಟರು ಹೋಗಿ ತಾವೇ ಕಾಫಿ ಕಾಸಿದರು. ಯಾವ ಕಪಾಟಿನಲ್ಲಿ ಏನಿದೆ ತಿಳಿಯದೆ ಎಲ್ಲವನ್ನೂ ತೆರೆದರು. ಬಟ್ಟಲನ್ನು ಅವಳ ಮುಂದಿಟ್ಟು, “ತಪ್ಪು ನನ್ನದು” ಅಂದರು.

“ಅರ್ಧ ನನ್ನದೂ ಹೌದು. ಔಷಧಿ ಅಂತ ಕೇಳಿದೆ. ನಾಲ್ಕು ವರ್ಷ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ ಪಾಪ.”

“ದಿನಕ್ಕೊಂದೇ ಪುಡೀನಾ?” ಅಂದರು ಡಾಕ್ಟರು, ತಮಗೇ ಹೇಳಿಕೊಂಡಂತೆ. “ಮೂರು ವಾರವೂ ಗೆರೆ ಒಂದಿಷ್ಟೂ ಏಳಲಿಲ್ಲ...” ಲೇಖನಿಯ ಹಳೆಯ ಕಾಗದಗಳನ್ನು ಬುಟ್ಟಿಯಿಂದ ಎತ್ತಿ ಸುಕ್ಕು ಸವರಿ ಮೇಜಿನ ಮೇಲೆ ಸಾಲಾಗಿ ಹರಡಿದರು. ಕೆಟ್ಟಿತೆಂದು ಎಸೆದ ಗೆರೆಗಳು ಅವು. ಸಿಗ್ನೆಯೂ ಬಗ್ಗಿ ನೋಡಿದಳು. ಯಾರೂ ಯಾರನ್ನೂ ಕೂಗದ, ಯಾವ ನಾಳವೂ ಕಟ್ಟದ ಗೆರೆ. ಅರ್ವಿಡನ ಎದೆಯಲ್ಲಿ ಆವತ್ತು ಹೀಗೊಂದು ಗೆರೆ ಇದ್ದಿದ್ದರೆ ಅಂದುಕೊಂಡಳು.

ತೊಳೆಯುವ ಕೋಣೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಟುರೆ ಹತ್ತು ದಿನ ಪುಡಿ ಬಿಟ್ಟ; ಅಲ್ಲಿಯವರೆಗೆ ಗಟ್ಟಿ ಆಳಿನ ಜಾಗಕ್ಕೆ ಡಾಕ್ಟರ ರಕ್ತವೇ ಆಯಿತು. ಕಾಫಿಗೆ ರುಚಿಯೇ ಇಲ್ಲವೆಂದು ಹತ್ತು ದಿನವೂ ಗೊಣಗಿದ. ಹಾಳೆಯ ಮೇಲಿನ ಔಷಧಿ ಎಂಬ ಮಾತನ್ನು ಸಿಗ್ನೆ ಹೊಡೆದುಹಾಕಿ, ದುಂಡಗಿನ ಅಕ್ಷರದಲ್ಲಿ ಬರೆದಳು: ಎರಡು ವಾರದಿಂದ ಬಾಯಿಗೆ ಏನೇನು ಹಾಕಿಕೊಂಡಿರಿ, ಕಾಫಿಯಲ್ಲಿ ಕಲಕಿದ್ದೂ ಸೇರಿ.

ಸಿಗ್ನೆ ಕೆಳಗಿಳಿಯಬೇಕಿದ್ದ ಸೋಮವಾರ ಬೆಳಿಗ್ಗೆ, ವಾಪಸು ಹೋಗಿದ್ದ ರೋಗಿಗಳಲ್ಲಿ ಒಬ್ಬ ಮತ್ತೆ ಬಂದ. ಟ್ರಾಮ್ ಓಡಿಸುವವನು, ಐವತ್ತರ ಹತ್ತಿರ, ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಬಿದ್ದು ಬದುಕಿದವನು.

“ಈ ಸಲವಾದ್ರೂ ತಗೋತೀರಾ, ಇಲ್ಲ ಹಾಗೇ ಕಳಿಸ್ತೀರಾ?” ಅಂದ.

“ತಗೋತೀವಿ, ಕೂತ್ಕೋಪ್ಪ” ಅಂದಳು ಸಿಗ್ನೆ. ಅವನ ತೋಳನ್ನು ತನ್ನ ಅಗಲ ಅಂಗೈಯಲ್ಲಿಟ್ಟುಕೊಂಡು ನಾಳ ಹುಡುಕಿದಳು. ಒಂದೇ ಸಲಕ್ಕೆ ಸಿಕ್ಕಿತು.