ಫುಸ್ಕಾ ಎಂದರೆ ಚುರುಕು

ಇವತ್ತು ಗೋಥೆನ್‌ಬರ್ಗ್‌ನ ಟ್ರಾಮಿನಲ್ಲಿ ಇಸ್ಪೀಟು ಆಡುತ್ತಿದ್ದ ಹುಡುಗಿಯೊಬ್ಬಳು ಗೆಳತಿಯ ಮೇಲೆ ರೇಗಿ "ಡೂ ಫುಸ್ಕಾರ್" ಎಂದಳು. ನೀನು ಮೋಸ ಮಾಡ್ತಿದ್ದೀಯ ಅಂತ. ನನಗೆ ನನ್ನ ಮೂರನೇ ಕ್ಲಾಸು ನೆನಪಾಯಿತು.

ಆಗ ನಾವು ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದ ಹೊಸತು. ಫೋನಿನಲ್ಲಿ ಅರ್ಥ ಹುಡುಕುವ ಕಾಲವಲ್ಲ. ಮೂರನೇ ಕ್ಲಾಸಿನ ಟೀಚರ್ ಅಮ್ಮನನ್ನು ಕರೆಸಿ, ನಾನು ಗಣಿತದಲ್ಲಿ ಪಕ್ಕದವಳನ್ನು ನೋಡಿ ಬರೆಯುತ್ತೇನೆಂದು ಸ್ವೀಡಿಷ್‌ನಲ್ಲಿ ಹೇಳಿದರು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನೇ.

"ಏನಂತೆ ಪುಟ್ಟಿ? ಅದೇನೋ ಫುಸ್ಕಾರ್ ಅಂದ್ರಲ್ಲ?"

"ನಾನು ತುಂಬಾ ಚುರುಕಂತೆ" ಎಂದೆ.

ಅಮ್ಮ ಟೀಚರ್ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಮನೆಗೆ ಬಂದು ತನ್ನ ಪದಗಳ ನೋಟ್‌ಬುಕ್ಕಿನಲ್ಲಿ 'ಫುಸ್ಕಾ: ಚುರುಕಾಗಿರು' ಎಂದು ದುಂಡಗೆ ಬರೆದುಕೊಂಡಳು. ಪಾತ್ರೆ ತೊಳೆಯುತ್ತಾ ಅದನ್ನು ಬಾಯಿಪಾಠ ಮಾಡುವುದು ದಿನವೂ ನನಗೆ ಕೇಳಿಸುತ್ತಿತ್ತು. ನಿಜ ಹೇಳಿದರೆ ಈಗ ಎರಡು ತಪ್ಪು ಒಪ್ಪಿಕೊಳ್ಳಬೇಕು. ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಸ್ವೀಡಿಷ್ ತರಗತಿಯಿಂದ ಬಂದವಳು ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತಳು.

"ನನ್ನ ಮಗಳು ತುಂಬಾ ಫುಸ್ಕಾ ಮಾಡ್ತಾಳೆ ಅಂತ ಎಲ್ರ ಮುಂದೆ ಹೆಮ್ಮೆಯಿಂದ ಹೇಳ್ದೆ ಕಣೇ. ಎಲ್ರೂ ನಕ್ರು."

ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು. "ಸರಿಯಾದ ಅರ್ಥ ನೀನೇ ಬರಿ."

'ಮೋಸ ಮಾಡು' ಎಂದು ಬರೆದು ತಲೆ ತಗ್ಗಿಸಿ ಬೈಗುಳಕ್ಕೆ ಕಾದೆ. ಅಮ್ಮ ಬೈಯಲಿಲ್ಲ. ಮರುದಿನ ಲೈಬ್ರರಿಯಿಂದ ಒಂದು ನಿಘಂಟು ತಂದಳು.

ಈಗ ಅಮ್ಮನ ಸ್ವೀಡಿಷ್ ನನ್ನದಕ್ಕಿಂತ ಚೆನ್ನಾಗಿದೆ. ಅಂದಿನಿಂದ ಒಂದೇ ಒಂದು ಪದದ ಅರ್ಥವನ್ನೂ ಅವಳು ನನ್ನನ್ನು ಕೇಳಿಲ್ಲ.